ಕಲುಷಿತ ಜಮೀನಿನ ಮೇಲೆ ಸೌರವಿದ್ಯುತ್: ಅಮೆರಿಕದ ಯಾವ ರಾಜ್ಯದ ಪ್ರೋತ್ಸಾಹ ಯಾರಿಗೆ ಹೊಂದುತ್ತದೆ?

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸೌರವಿದ್ಯುತ್ ಯೋಜನೆಗೆ ಬಂಡವಾಳ ಹೂಡಲು ಹೊರಟಿರುವ ಕನ್ನಡಿಗರೂ, ತಾವು ನೆಲೆಸಿರುವ ಊರಿನ ಇಂಧನ ಸಮಿತಿಯಲ್ಲಿ ಕುಳಿತು ಹಳೆಯ ಕಸದ ಗುಡ್ಡವನ್ನು ಏನು ಮಾಡುವುದೆಂದು ಯೋಚಿಸುತ್ತಿರುವವರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕಲುಷಿತ ಜಮೀನಿನ ಮೇಲೆ ವಿದ್ಯುತ್ ಘಟಕ ಕಟ್ಟುವವರಿಗೆ ಯಾವ ರಾಜ್ಯ ಹೆಚ್ಚು ಕೊಡುತ್ತದೆ? ಯೂನಿಟ್‌ಗೆ ಇಷ್ಟು ಸೆಂಟ್ ಎಂಬ ಪಟ್ಟಿಯೊಂದನ್ನು ಮುಂದಿಟ್ಟು ಇದಕ್ಕೆ ಉತ್ತರಿಸಬಹುದು. ಆದರೆ ಆ ಪಟ್ಟಿಯನ್ನೇ ನಂಬಿ ಮುಂದುವರಿದರೆ ಕೈಸುಟ್ಟುಕೊಳ್ಳುವ ಸಂಭವವೇ ಹೆಚ್ಚು. ದರ ಎಷ್ಟು ಎನ್ನುವುದಕ್ಕಿಂತ ಆ ದರ ಯಾವ ಹಂತದಲ್ಲಿ ಖಾತ್ರಿಯಾಗುತ್ತದೆ, ಅಷ್ಟರೊಳಗೆ ನಿಮ್ಮ ಜೇಬಿನಿಂದ ಎಷ್ಟು ಹಣ ಹೋಗಿರುತ್ತದೆ ಎನ್ನುವುದನ್ನು ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಈ ಬರಹದಲ್ಲಿ ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್ ಮತ್ತು ವರ್ಮಾಂಟ್ ರಾಜ್ಯಗಳ ಯೋಜನೆಗಳನ್ನು ಆ ದೃಷ್ಟಿಯಿಂದ ತೂಗಿ ನೋಡಲಾಗಿದೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಹಣವಿದ್ದು ಜಮೀನು ಹುಡುಕುತ್ತಿರುವವರಿಗೆ ಮಾತ್ರ ರಾಜ್ಯವನ್ನು ಆರಿಸಿಕೊಳ್ಳುವ ಅವಕಾಶವಿದೆ. ಜಮೀನು ಈಗಾಗಲೇ ಇರುವವರಿಗೆ, ಅಂದರೆ ಊರಿನ ಆಡಳಿತಕ್ಕೋ ಮುಚ್ಚಿದ ಕಾರ್ಖಾನೆಯ ಮಾಲೀಕರಿಗೋ, ಆ ಆಯ್ಕೆಯೇ ಇಲ್ಲ. ಅವರು ತಮ್ಮ ರಾಜ್ಯದ ಯೋಜನೆಯೊಳಗೇ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸಬೇಕಾಗುತ್ತದೆ. ಹೀಗಾಗಿ ಮುಂದಿನ ಮಾತುಗಳು ಇಬ್ಬರನ್ನೂ ಗಮನದಲ್ಲಿಟ್ಟುಕೊಂಡಿವೆ.

ತೂಗುವ ಮೊದಲು ಅಳತೆಗೋಲು

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 2008ರಲ್ಲಿ ‘ರೀ-ಪವರಿಂಗ್ ಅಮೆರಿಕಾಸ್ ಲ್ಯಾಂಡ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಕಸ ಹೂಳಿದ ಜಾಗ, ಹಳೆಯ ಗಣಿ, ಮುಚ್ಚಿದ ಕಾರ್ಖಾನೆಯ ಆವರಣ ಮುಂತಾಗಿ ಸುಮಾರು 1,90,000 ಜಾಗಗಳನ್ನು ಅದು ಸೌರ, ಪವನ ಮುಂತಾದ ವಿದ್ಯುತ್ತಿಗೆ ಯೋಗ್ಯವೇ ಎಂದು ಪ್ರಾಥಮಿಕವಾಗಿ ಪರಿಶೀಲಿಸಿದೆ. ಆದರೆ ಈ ಕಾರ್ಯಕ್ರಮ ಕೊಡುವುದು ಮಾಹಿತಿಯನ್ನು ಮತ್ತು ತಾಂತ್ರಿಕ ಸಲಹೆಯನ್ನು ಮಾತ್ರ. ಘಟಕ ಕಟ್ಟುವ ಹಣವನ್ನಲ್ಲ. ಹಣದ ಲೆಕ್ಕವನ್ನು ತಿರುಗಿಸುವುದು ರಾಜ್ಯಗಳ ನೀತಿ. ಇಪಿಎ ಇಟ್ಟಿರುವ ಪಟ್ಟಿಯಲ್ಲಿ ಇಂಥ ಘಟಕಗಳ ಸಂಖ್ಯೆ ಅತಿ ಹೆಚ್ಚಿರುವುದು ಬಿಸಿಲಿನ ಅರಿಜೋನಾದಲ್ಲಲ್ಲ, ಮೋಡ ಕವಿದ ಮ್ಯಾಸಚೂಸೆಟ್ಸ್‌ನಲ್ಲಿ ಎಂಬ ಒಂದು ಸಂಗತಿಯೇ ಇದನ್ನು ತೋರಿಸಿಕೊಡುತ್ತದೆ.

ಹೆಚ್ಚುವರಿ ಪ್ರೋತ್ಸಾಹ ಏಕೆ ಬೇಕು ಎನ್ನುವುದನ್ನು ಅರಿಯದೆ ಅದು ಸಾಕೋ ಸಾಲದೋ ಎಂದು ಹೇಳಲಾಗದು. ಮುಚ್ಚಿದ ಕಸದ ಗುಡ್ಡದ ಮೇಲೆ ಮಣ್ಣು, ಜೇಡಿ, ಕೆಲವೆಡೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಇರುತ್ತದೆ. ಮಳೆನೀರು ಕಸದೊಳಗೆ ಇಳಿಯದಂತೆ ತಡೆಯುವುದು ಅದರ ಕೆಲಸವಾದ್ದರಿಂದ ಸಾಮಾನ್ಯ ಜಮೀನಿನಲ್ಲಿ ಮಾಡುವಂತೆ ಕಬ್ಬಿಣದ ಕಂಬಗಳನ್ನು ನೆಲಕ್ಕೆ ಹೊಡೆದು ಫಲಕ ನಿಲ್ಲಿಸುವಂತಿಲ್ಲ. ಕಾಂಕ್ರೀಟ್ ದಿಮ್ಮಿಗಳ ಭಾರದ ಮೇಲೆಯೇ ಇಡೀ ಚೌಕಟ್ಟನ್ನು ಕೂರಿಸಬೇಕು. ಒಳಗಿನ ಕಸ ಕೊಳೆಯುತ್ತ ಹೋದಂತೆ ನೆಲ ಅಲ್ಲಲ್ಲಿ ಕುಸಿಯುತ್ತದೆ. ಮೀಥೇನ್ ಹೊರಹೋಗುವ ಕೊಳವೆಗಳನ್ನು ಬಿಟ್ಟು ಫಲಕಗಳ ಸಾಲು ಹಾಕಬೇಕು. ಕಡಿದಾದ ಇಳಿಜಾರನ್ನು ಕೈಬಿಡಬೇಕು. ಇವೆಲ್ಲ ವೆಚ್ಚ ಏರಿಸುವ ಸಂಗತಿಗಳು. ಇವುಗಳಿಗೆ ಎದುರಾಗಿ ಇಂಥ ಜಾಗಗಳು ಊರಿಗೆ ಹತ್ತಿರವಿರುತ್ತವೆ, ಹಳೆಯ ಕಾರ್ಖಾನೆಗಳ ಪಕ್ಕದಲ್ಲಿ ಹಲವೆಡೆ ವಿದ್ಯುತ್ ಉಪಕೇಂದ್ರವೇ ಇರುತ್ತದೆ, ಕಾಡು ಕಡಿಯುವ ಅಥವಾ ಕೃಷಿಭೂಮಿ ಕಳೆದುಕೊಳ್ಳುವ ವಿರೋಧವೂ ಏಳುವುದಿಲ್ಲ.

ಇನ್ನೊಂದು ಹೊರೆ ಕಾನೂನಿನದು. ಕಲುಷಿತ ಜಾಗಗಳ ಶುದ್ಧೀಕರಣಕ್ಕೆಂದು ಬಂದ 1980ರ ಸೂಪರ್‌ಫಂಡ್ ಕಾಯ್ದೆಯ ಪ್ರಕಾರ, ಮಾಲಿನ್ಯವನ್ನು ತಾನು ಮಾಡಿರದಿದ್ದರೂ ಜಮೀನಿನ ಈಗಿನ ಮಾಲೀಕ ಶುದ್ಧೀಕರಣದ ಹೊಣೆಗೆ ಸಿಲುಕಬಹುದು. 2002ರ ತಿದ್ದುಪಡಿ, ಕೊಳ್ಳುವ ಮೊದಲೇ ಜಮೀನಿನ ಪೂರ್ವಾಪರವನ್ನು ವಿಧಿಬದ್ಧವಾಗಿ ವಿಚಾರಿಸಿ ಕೊಂಡವರಿಗೆ ರಕ್ಷಣೆ ನೀಡಿತು. 2018ರ ಬಿಲ್ಡ್ ಕಾಯ್ದೆ ಆ ರಕ್ಷಣೆಯನ್ನು ಜಮೀನನ್ನು ಗುತ್ತಿಗೆಗೆ ಪಡೆದವರಿಗೂ ಹೆಚ್ಚು ಸ್ಪಷ್ಟವಾಗಿ ವಿಸ್ತರಿಸಿತು. ಹೆಚ್ಚಿನ ಸೌರ ಕಂಪನಿಗಳು ಇಂಥ ಜಮೀನನ್ನು ಕೊಳ್ಳದೆ 20-25 ವರ್ಷಕ್ಕೆ ಗುತ್ತಿಗೆಗೆ ಪಡೆಯುವುದರ ಹಿಂದಿನ ಒಂದು ಮುಖ್ಯ ಕಾರಣ ಈ ಹೊಣೆಯ ಭಯ.

ಆದ್ದರಿಂದ ನಾನು ಬಳಸುವ ಮಾನದಂಡಗಳು ಇವು: ದರ ಖಾತ್ರಿಯಾಗುವ ಹಂತ, ಅದು ಎಷ್ಟು ವರ್ಷ ನಿಲ್ಲುತ್ತದೆ ಮತ್ತು ಮಾರುಕಟ್ಟೆಯೊಂದಿಗೆ ಏರಿಳಿಯುತ್ತದೆಯೇ, ಯೋಜನೆಯ ಗಾತ್ರಕ್ಕೆ ಇರುವ ಮಿತಿ, ಶುದ್ಧೀಕರಣದ ಖರ್ಚಿಗೂ ನೆರವು ಸಿಗುತ್ತದೆಯೇ ಅಥವಾ ವಿದ್ಯುತ್ತಿಗೆ ಮಾತ್ರವೇ, ಕೊನೆಯದಾಗಿ, ಕೇಂದ್ರ ಸರ್ಕಾರದ ತೆರಿಗೆ ಜಮೆಯೊಡನೆ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಸಿಗುವ ಕಡಿತದೊಡನೆ, ಅದು ಕೂಡಿಬರುತ್ತದೆಯೇ.

ಕೇಂದ್ರದ ಜಮೆ: ಎಲ್ಲ ರಾಜ್ಯಗಳಿಗೂ ಒಂದೇ ಗಡುವು

2022ರ ಇನ್‌ಫ್ಲೇಷನ್ ರಿಡಕ್ಷನ್ ಕಾಯ್ದೆ, ಕೂಲಿ ಮತ್ತು ತರಬೇತಿಯ ಷರತ್ತುಗಳನ್ನು ಪಾಲಿಸಿದ ಯೋಜನೆಗಳಿಗೆ ಹೂಡಿಕೆಯ ಶೇ 30ರಷ್ಟು ತೆರಿಗೆ ಜಮೆಯನ್ನೂ, ಜಾಗ ಬ್ರೌನ್‌ಫೀಲ್ಡ್ (ಮಾಲಿನ್ಯದಿಂದಾಗಿ ಮರುಬಳಕೆ ಕಷ್ಟವಾದ ಜಮೀನು) ಆಗಿದ್ದರೆ ಇನ್ನೂ ಶೇ 10ನ್ನೂ ನೀಡಿತು. ತೆರಿಗೆ ಕಟ್ಟದ ಊರಿನ ಆಡಳಿತಗಳು ಇದನ್ನು ನಗದಾಗಿಯೇ ಪಡೆಯಲು ಅವಕಾಶ ಕಲ್ಪಿಸಿತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಇದನ್ನು ಮೊಟಕುಗೊಳಿಸಿದೆ: 2026ರ ಜುಲೈ 4ರ ನಂತರ ಕಾಮಗಾರಿ ಆರಂಭಿಸುವ ಸೌರ ಮತ್ತು ಪವನ ಘಟಕಗಳು 2027ರ ಅಂತ್ಯದೊಳಗೆ ಕಾರ್ಯಾರಂಭ ಮಾಡದಿದ್ದರೆ ಈ ಜಮೆ ದೊರೆಯದು. ಕಲುಷಿತ ಜಮೀನಿನ ಯೋಜನೆಗಳಿಗೆ ಪರವಾನಗಿಯ ಹಂತಗಳು ಹೆಚ್ಚು. ಗ್ರಿಡ್ ಸಂಪರ್ಕದ ಸರದಿಯೂ ಸೇರಿದರೆ ಆ ಗಡುವು ಎಷ್ಟು ಬಿಗಿಯಾದದ್ದು ಎಂಬುದು ಈ ಕ್ಷೇತ್ರದಲ್ಲಿ ಇರುವವರಿಗೆ ಗೊತ್ತು. ಕೇಂದ್ರದ ಜಮೆ ಇಲ್ಲದೆಯೂ ಲೆಕ್ಕ ಸರಿಹೋಗುತ್ತದೆಯೇ ಎಂದು ಬೇರೆಯಾಗಿ ಹಾಕಿ ನೋಡದೆ ಯಾವ ರಾಜ್ಯವನ್ನೂ ಆರಿಸಿಕೊಳ್ಳಬಾರದು.

ಇಲ್ಲಿ ಹಲವರು ಎಡವುವ ಒಂದು ಸೂಕ್ಷ್ಮವಿದೆ. ಅತಿ ಹೆಚ್ಚು ಮಲಿನವಾದ ಜಾಗಕ್ಕೆ ಅತಿ ಹೆಚ್ಚು ಜಮೆ ಸಿಗುತ್ತದೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಕಾಯ್ದೆಯ ಬ್ರೌನ್‌ಫೀಲ್ಡ್ ವ್ಯಾಖ್ಯೆಯು ಸೂಪರ್‌ಫಂಡ್‌ನ ರಾಷ್ಟ್ರೀಯ ಆದ್ಯತಾ ಪಟ್ಟಿಯಲ್ಲಿರುವ ಜಾಗಗಳನ್ನು ಹೊರಗಿಡುತ್ತದೆ. ಗಣಿಗಾರಿಕೆಯಿಂದ ಹಾಳಾದ ನೆಲವನ್ನು ಮಾತ್ರ ಹೆಸರಿಸಿಯೇ ಒಳಗೆ ಸೇರಿಸಿದೆ. ಸಣ್ಣ ಯೋಜನೆಗಳಿಗೆ ಅನುಕೂಲವಾದ ಒಂದು ನಿಯಮವೂ ಇದೆ. 5 ಮೆಗಾವ್ಯಾಟ್‌ವರೆಗಿನ ಘಟಕಗಳಿಗೆ ಮಣ್ಣು-ನೀರಿನ ಮಾದರಿ ತೆಗೆಯದ ಪ್ರಾಥಮಿಕ ತನಿಖೆ, ಅಂದರೆ ‘ಫೇಸ್ ಒನ್’ ವರದಿಯೇ ಸಾಕು. ಅದಕ್ಕಿಂತ ದೊಡ್ಡದಾದರೆ, ಜಾಗ ಈ ಮೊದಲೇ ಬ್ರೌನ್‌ಫೀಲ್ಡ್ ಎಂದು ಪರಿಗಣಿತವಾಗಿರದಿದ್ದಲ್ಲಿ, ಮಾದರಿಗಳ ಪರೀಕ್ಷೆಯಿರುವ ‘ಫೇಸ್ ಟೂ’ ವರದಿ ಬೇಕಾಗುತ್ತದೆ.

ಮ್ಯಾಸಚೂಸೆಟ್ಸ್: ಊರಿನ ಕಸದ ಗುಡ್ಡಕ್ಕೆ ಹೇಳಿ ಮಾಡಿಸಿದ್ದು

2006ರಲ್ಲೇ ಬ್ರಾಕ್ಟನ್ ನಗರದ ಹಳೆಯ ಅನಿಲ ತಯಾರಿಕೆಯ ಆವರಣದಲ್ಲಿ 425 ಕಿಲೋವ್ಯಾಟ್‌ನ ಸೌರ ಘಟಕವನ್ನು ಕಟ್ಟಿದ ರಾಜ್ಯವಿದು. 2018ರ ನವೆಂಬರಿನಲ್ಲಿ ಜಾರಿಗೆ ಬಂದ ‘ಸ್ಮಾರ್ಟ್’ ಯೋಜನೆಯಲ್ಲಿ ಮೂಲದರದ ಮೇಲೆ ಜಾಗಕ್ಕೆ ತಕ್ಕ ಹೆಚ್ಚುವರಿ ದರಗಳನ್ನು ಸೇರಿಸಲಾಯಿತು: ಕಸ ಹೂಳಿದ ಜಾಗಕ್ಕೆ ಯೂನಿಟ್‌ಗೆ 4 ಸೆಂಟ್, ಬ್ರೌನ್‌ಫೀಲ್ಡ್‌ಗೆ 3 ಸೆಂಟ್, ಕಟ್ಟಡದ ಚಾವಣಿಗೆ 2 ಸೆಂಟ್. ಪ್ರತಿ ವರ್ಗದಲ್ಲೂ 80 ಮೆಗಾವ್ಯಾಟ್ ಭರ್ತಿಯಾದಂತೆ ಈ ಹೆಚ್ಚುವರಿ ದರ ಶೇ 4ರಷ್ಟು ಇಳಿಯುತ್ತಿತ್ತು. ಇದರ ಇನ್ನೊಂದು ಮುಖವನ್ನೂ ನೋಡಬೇಕು: ಯಾವ ಮಾಲಿನ್ಯವೂ ಇಲ್ಲದ ಬಯಲುಭೂಮಿಯ ಮೇಲೆ ಕಟ್ಟುವವರಿಗೆ ಎಕರೆ ಲೆಕ್ಕದಲ್ಲಿ ದರ ಕಡಿತವಾಗುತ್ತಿತ್ತು, ಕಲುಷಿತ ಜಾಗಕ್ಕೆ ಆ ಕಡಿತವಿರಲಿಲ್ಲ. ಆದ್ದರಿಂದ ನಿಜವಾದ ಅಂತರ 4 ಸೆಂಟ್‌ಗಿಂತ ಹೆಚ್ಚೇ ಆಗುತ್ತಿತ್ತು.

ಈ ಯೋಜನೆಯ ದೊಡ್ಡ ಗುಣ ಖಚಿತತೆ. 25 ಕಿಲೋವ್ಯಾಟ್ ಮೀರಿದ ಘಟಕಕ್ಕೆ ದರ 20 ವರ್ಷ ನಿಲ್ಲುತ್ತದೆ. ಜಾಗದ ಹಕ್ಕು, ಗ್ರಿಡ್ ಸಂಪರ್ಕದ ಒಪ್ಪಂದ ಮತ್ತು ಮುಖ್ಯ ಪರವಾನಗಿಗಳು ಕೈಗೆ ಬಂದ ಮೇಲೆ, ಆದರೆ ಕಾಮಗಾರಿಗೆ ಹಣ ಸುರಿಯುವ ಮೊದಲೇ, ದರವನ್ನು ಕಾಯ್ದಿರಿಸಿಕೊಳ್ಳಬಹುದು. ಬ್ಯಾಂಕಿನವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಬೇರಿಲ್ಲ. ಮಿತಿಯೆಂದರೆ 5 ಮೆಗಾವ್ಯಾಟ್‌ನ ಗಾತ್ರ. ಒಂದು ಮೆಗಾವ್ಯಾಟ್‌ಗೆ ಸುಮಾರು 5 ಎಕರೆ ಎಂದು ಹಿಡಿದರೆ 25 ಎಕರೆಯೊಳಗಿನ ಜಾಗಕ್ಕೆ ಇದು ಅಡ್ಡಿಯಾಗುವುದಿಲ್ಲ, ಮತ್ತು ಊರಿನ ಆಡಳಿತಗಳ ಬಳಿ ಇರುವ ಎಷ್ಟೋ ಗುಡ್ಡಗಳು ಈ ಅಳತೆಯೊಳಗೇ ಬರುತ್ತವೆ. ಕಸದ ಗುಡ್ಡಕ್ಕೆ ರಾಜ್ಯದ ಪರಿಸರ ಇಲಾಖೆಯಿಂದ ‘ಮುಚ್ಚಿದ ನಂತರದ ಬಳಕೆ’ಯ ಪರವಾನಗಿ ಪಡೆಯಬೇಕು, ಇಂಥ ಅರ್ಜಿಗಳನ್ನು ಬಹಳಷ್ಟು ನೋಡಿರುವ ಇಲಾಖೆಯಾದ್ದರಿಂದ ಪ್ರತಿಯೊಂದನ್ನೂ ಹೊಸದಾಗಿ ವಿವರಿಸಬೇಕಾದ ಕಷ್ಟವಿಲ್ಲ. 2025ರಲ್ಲಿ ಯೋಜನೆಯನ್ನು ಪರಿಷ್ಕರಿಸಿ, ದರಗಳನ್ನೂ ಸಾಮರ್ಥ್ಯದ ಮಿತಿಯನ್ನೂ ವರ್ಷವರ್ಷವೂ ಗೊತ್ತುಪಡಿಸುವ ಪದ್ಧತಿಗೆ ತರಲಾಗಿದೆ. ಹಾಗಾಗಿ ಮೇಲೆ ಹೇಳಿದ ಅಂಕಿಗಳನ್ನು ಯೋಜನೆಯ ಸ್ವಭಾವ ತಿಳಿಯಲು ಬಳಸಬೇಕೇ ಹೊರತು ಈ ವರ್ಷದ ಲೆಕ್ಕಕ್ಕಲ್ಲ.

ನ್ಯೂಜೆರ್ಸಿ: ದೊಡ್ಡ ಜಾಗ, ದೊಡ್ಡ ಪೈಪೋಟಿ

ನ್ಯೂಜೆರ್ಸಿಯ ಕಥೆ ಏರಿಳಿತದ್ದು. ಇಲ್ಲಿ ಒಂದು ಮೆಗಾವ್ಯಾಟ್ ಗಂಟೆ, ಅಂದರೆ 1,000 ಯೂನಿಟ್ ಉತ್ಪಾದನೆಗೆ ಒಂದು ಸೌರ ಪ್ರಮಾಣಪತ್ರ ಸಿಗುತ್ತಿತ್ತು ಮತ್ತು ಅದನ್ನು ಮಾರುಕಟ್ಟೆಯಲ್ಲಿ ಮಾರಬೇಕಾಗಿತ್ತು. ಒಂದು ಕಾಲಕ್ಕೆ 600 ಡಾಲರ್ ದಾಟಿದ್ದ ಅದರ ಬೆಲೆ 2012ರ ಹೊತ್ತಿಗೆ ಕಾಲುಭಾಗಕ್ಕಿಂತಲೂ ಕೆಳಗಿಳಿಯಿತು. ಅದೇ ವರ್ಷ ಬಂದ ಸೌರ ಕಾಯ್ದೆಯ ‘ಟಿ’ ಉಪವಿಧಿಯು, ಬಯಲುಭೂಮಿಯ ದೊಡ್ಡ ಘಟಕಗಳಿಗೆ ಬಾಗಿಲು ಬಿಗಿ ಮಾಡುತ್ತಲೇ, ಬ್ರೌನ್‌ಫೀಲ್ಡ್‌ಗಳಿಗೆ ಮತ್ತು ಕ್ರಮಬದ್ಧವಾಗಿ ಮುಚ್ಚಿದ ಕಸದ ಗುಡ್ಡಗಳಿಗೆ ಪ್ರತ್ಯೇಕ ದಾರಿ ತೆರೆಯಿತು. 2020ರ ಮಧ್ಯಂತರ ವ್ಯವಸ್ಥೆಯಲ್ಲಿ ಸರ್ಕಾರದ ಒಲವು ಅಂಕಿಯಲ್ಲೇ ಕಂಡಿತು: 152 ಡಾಲರಿನ ಮೂಲದರದಲ್ಲಿ ಕಸದ ಗುಡ್ಡಕ್ಕೆ ಪೂರ್ತಿ ಪಾಲು, ಸಾಮಾನ್ಯ ನೆಲದ ಮೇಲಿನ ಘಟಕಕ್ಕೆ ಅದರ ಶೇ 60 ಮಾತ್ರ, ಯೂನಿಟ್ ಲೆಕ್ಕದಲ್ಲಿ 15.2 ಸೆಂಟ್ ಮತ್ತು ಸುಮಾರು 9.1 ಸೆಂಟ್.

2021ರ ಕಾಯ್ದೆಯ ನಂತರ ದಾರಿ ಎರಡಾಗಿದೆ. 5 ಮೆಗಾವ್ಯಾಟ್‌ವರೆಗಿನ ನೆಟ್ ಮೀಟರಿಂಗ್ ಘಟಕಗಳಿಗೂ (ಸ್ವಂತ ಬಳಕೆ ಕಳೆದು ಮಿಕ್ಕ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ಕಡಿತ ಪಡೆಯುವಂಥವು) ಒಂದೇ ಘಟಕದ ವಿದ್ಯುತ್ತನ್ನು ಹಲವು ಗ್ರಾಹಕರು ಹಂಚಿಕೊಳ್ಳುವ ಸಮುದಾಯ ಸೌರ ಯೋಜನೆಗಳಿಗೂ ಸರ್ಕಾರವೇ ನಿಗದಿಪಡಿಸಿದ ದರ 15 ವರ್ಷ ಸಿಗುತ್ತದೆ. ಅದಕ್ಕಿಂತ ದೊಡ್ಡವು ಮತ್ತು ನೇರವಾಗಿ ಗ್ರಿಡ್ಡಿಗೆ ಮಾರುವವು ಬಿಡ್ ಸಲ್ಲಿಸಬೇಕು. ಬಿಡ್ಡಿನಲ್ಲಿ ಕಲುಷಿತ ಜಾಗ ಮತ್ತು ಕಸದ ಗುಡ್ಡಗಳಿಗೆ ಪ್ರತ್ಯೇಕ ಪಾಲು ಮೀಸಲಿದೆ, ಆದ್ದರಿಂದ ಅಗ್ಗದ ಬಯಲುಭೂಮಿಯವರೊಡನೆ ಸ್ಪರ್ಧಿಸಬೇಕಾಗಿಲ್ಲ. ಆದರೆ ಮೀಸಲಾತಿ ಇದ್ದ ಮಾತ್ರಕ್ಕೆ ಗೆಲುವು ಖಚಿತವಲ್ಲ. 2023ರಲ್ಲಿ ನಡೆದ ಮೊದಲ ಸುತ್ತಿನಲ್ಲಿ ಬಂದ ಬಿಡ್‌ಗಳೆಲ್ಲ ಸರ್ಕಾರ ಗುಟ್ಟಾಗಿ ಇಟ್ಟಿದ್ದ ಗರಿಷ್ಠ ದರವನ್ನು ಮೀರಿದ್ದರಿಂದ ಒಬ್ಬರಿಗೂ ಒಪ್ಪಂದ ದೊರೆಯಲಿಲ್ಲ. ಬಿಡ್‌ವರೆಗೆ ತಲುಪಲು ತನಿಖೆ, ವಿನ್ಯಾಸ, ಗ್ರಿಡ್ ಅಧ್ಯಯನ ಎಂದು ಮಾಡಿದ ಖರ್ಚು ಸ್ವಂತದ್ದೇ. ಒಂದು ಸುತ್ತು ಸೋತರೂ ತಡೆದುಕೊಳ್ಳಬಲ್ಲ ಬಂಡವಾಳವಿಲ್ಲದವರು ಈ ದಾರಿಗೆ ಇಳಿಯಬಾರದು.

ಬಂಡವಾಳ ಮಧ್ಯಮವಾಗಿದ್ದರೆ ಸಮುದಾಯ ಸೌರ ಯೋಜನೆಯೇ ಲೇಸು ಎಂದು ನನಗೆ ತೋರುತ್ತದೆ. 2023ರಲ್ಲಿ ಶಾಶ್ವತವಾದ ಈ ಯೋಜನೆಯಲ್ಲಿ ಕೃಷಿಭೂಮಿಗೆ ಜಾಗವೇ ಇಲ್ಲ. ಚಾವಣಿ, ವಾಹನ ನಿಲುಗಡೆಯ ಚಪ್ಪರ, ಕಲುಷಿತ ಜಾಗ, ಕಸದ ಗುಡ್ಡಗಳಂಥವುಗಳಿಗಷ್ಟೇ ಪ್ರವೇಶ. ಪ್ರತಿಸ್ಪರ್ಧಿಗಳ ಸಂಖ್ಯೆ ಅಲ್ಲಿಯೇ ಕಡಿಮೆಯಾಗುತ್ತದೆ. ವಿದ್ಯುತ್ತಿನ ಕನಿಷ್ಠ ಶೇ 51 ಪಾಲು ಕಡಿಮೆ ಮತ್ತು ಮಧ್ಯಮ ಆದಾಯದ ಮನೆಗಳಿಗೆ ಹೋಗಬೇಕೆಂಬ ಷರತ್ತು ಇದೆ. ಗ್ರಾಹಕರನ್ನು ಹುಡುಕಿ ಉಳಿಸಿಕೊಳ್ಳುವ ಕೆಲಸವನ್ನು ಹಗುರವಾಗಿ ಕಾಣಬಾರದು.

ದೊಡ್ಡ ಜಾಗದಲ್ಲಿ ಏನು ಸಾಧ್ಯ ಎನ್ನುವುದಕ್ಕೆ ಮೌಂಟ್ ಆಲಿವ್ ಊರಿನ ಕೂಂಬ್ ಫಿಲ್ ನಾರ್ತ್ ನಿದರ್ಶನ. ಸೂಪರ್‌ಫಂಡ್ ಪಟ್ಟಿಯಿಂದ ಹೊರಬಂದ ಆ ಕಸದ ಗುಡ್ಡದ ಮೇಲೆ ಈಗ 25.6 ಮೆಗಾವ್ಯಾಟ್‌ನ ಸೌರ ಘಟಕವಿದೆ. ಮ್ಯಾಸಚೂಸೆಟ್ಸ್‌ನ ಮಿತಿಯಲ್ಲಿ ಅದರ ಐದನೇ ಒಂದು ಭಾಗವೂ ನಿಲ್ಲುತ್ತಿರಲಿಲ್ಲ.

ನ್ಯೂಯಾರ್ಕ್: ಜಾಗವನ್ನು ಶುದ್ಧ ಮಾಡಬೇಕಾದವರಿಗೆ

ಮೇಲಿನ ಎರಡೂ ರಾಜ್ಯಗಳು ಹಣ ಕೊಡುವುದು ಮುಖ್ಯವಾಗಿ ಉತ್ಪಾದನೆಯಾದ ವಿದ್ಯುತ್ತಿಗೆ. ಮಣ್ಣು ತೆಗೆದು ಸಾಗಿಸುವ, ಅಂತರ್ಜಲ ಶುದ್ಧೀಕರಿಸುವ ಖರ್ಚು ಎದುರಿಗಿದ್ದರೆ ಯೂನಿಟ್‌ಗೆ ಕೆಲವು ಸೆಂಟ್ ಹೆಚ್ಚು ಬಂದು ಪ್ರಯೋಜನವಿಲ್ಲ. ಅಂಥವರು ನ್ಯೂಯಾರ್ಕನ್ನು ನೋಡಬೇಕು. 2003ರಿಂದ ಇರುವ ಅಲ್ಲಿನ ಬ್ರೌನ್‌ಫೀಲ್ಡ್ ಶುದ್ಧೀಕರಣ ಕಾರ್ಯಕ್ರಮವು ಜಾಗ ಸಿದ್ಧಪಡಿಸಿದ ವೆಚ್ಚಕ್ಕೂ, ಆಮೇಲೆ ಅಲ್ಲಿ ಕಟ್ಟಿದ್ದಕ್ಕೂ ತೆರಿಗೆ ಜಮೆ ಕೊಡುತ್ತದೆ. ಕಟ್ಟಬೇಕಾದ ತೆರಿಗೆಗಿಂತ ಜಮೆ ಹೆಚ್ಚಿದ್ದರೆ ಉಳಿದದ್ದು ಹಣವಾಗಿ ಕೈಸೇರುತ್ತದೆ. 2022ರ ತಿದ್ದುಪಡಿ ನವೀಕರಿಸಬಹುದಾದ ಇಂಧನದ ಜಾಗಗಳಿಗೆ ಹೆಚ್ಚುವರಿ ಪ್ರಮಾಣವನ್ನೂ ಸೇರಿಸಿತು. ಜತೆಗೆ ಆಸ್ತಿ ತೆರಿಗೆ ಕಾಯ್ದೆಯ 487ನೇ ವಿಧಿ ಸೌರ ಘಟಕದಿಂದ ಏರುವ ಆಸ್ತಿ ಮೌಲ್ಯಕ್ಕೆ 15 ವರ್ಷ ವಿನಾಯಿತಿ ನೀಡುತ್ತದೆ. ಆದರೆ ಸ್ಥಳೀಯ ಆಡಳಿತಗಳು ಅದರಿಂದ ಹೊರಗುಳಿಯಬಹುದಾದ್ದರಿಂದ ಊರೂರಿಗೂ ವಿಚಾರಿಸಬೇಕು.

ಇದರ ಎದುರಿಗಿರುವ ಕೊರತೆಯೆಂದರೆ ಆದಾಯದ ಅನಿಶ್ಚಿತತೆ. ಅಲ್ಲಿನ ‘ವ್ಯಾಲ್ಯೂ ಸ್ಟ್ಯಾಕ್’ ಪದ್ಧತಿಯಲ್ಲಿ ವಿದ್ಯುತ್ತಿನ ಬೆಲೆ ಹಲವು ಅಂಶಗಳ ಮೊತ್ತ. ಕೆಲವು ವರ್ಷಗಟ್ಟಲೆ ಸ್ಥಿರ, ಕೆಲವು ಮಾರುಕಟ್ಟೆಯೊಡನೆ ಅಲುಗಾಡುತ್ತವೆ. ಈ ಲೆಕ್ಕವನ್ನು ಮಾದರಿ ಕಟ್ಟಿ ನೋಡಬಲ್ಲ ಹಣಕಾಸು ತಜ್ಞರಿಲ್ಲದೆ ಮುಂದುವರಿಯುವುದು ಕಷ್ಟ.

ನ್ಯೂಯಾರ್ಕ್‌ನಲ್ಲಿ ಇನ್ನೊಂದು ವಿಶಿಷ್ಟ ವ್ಯವಸ್ಥೆಯೂ ಇದೆ. 2020ರ ಕಾಯ್ದೆಯಿಂದ ಹುಟ್ಟಿದ ‘ಬಿಲ್ಡ್-ರೆಡಿ’ ಕಾರ್ಯಕ್ರಮದಲ್ಲಿ ರಾಜ್ಯದ ಇಂಧನ ಪ್ರಾಧಿಕಾರವಾದ ನೈಸರ್ಡಾ ತಾನೇ ಜಾಗ ಹುಡುಕಿ, ಗ್ರಿಡ್ ಸಂಪರ್ಕಕ್ಕೂ ಪರವಾನಗಿಗೂ ಓಡಾಡಿ, ಎಲ್ಲ ಸಿದ್ಧವಾದ ಮೇಲೆ ಯೋಜನೆಯನ್ನು ಹರಾಜಿನಲ್ಲಿ ಖಾಸಗಿಯವರಿಗೆ ವಹಿಸುತ್ತದೆ. ಮೊದಲಿಗೆ ಕೈಗೆತ್ತಿಕೊಂಡದ್ದು ಸೇಂಟ್ ಲಾರೆನ್ಸ್ ಕೌಂಟಿಯ ಬೆನ್ಸನ್ ಮೈನ್ಸ್ ಎಂಬ ಹಳೆಯ ಕಬ್ಬಿಣದ ಗಣಿಯ ತ್ಯಾಜ್ಯದ ಬಯಲನ್ನು. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಇಂಥ ನೆಲವನ್ನು ಯಾವ ಖಾಸಗಿ ಕಂಪನಿಯೂ ತಾನಾಗಿ ಏಕೆ ಮುಟ್ಟುವುದಿಲ್ಲ ಎಂದು ವಿವರಿಸಬೇಕಾಗಿಲ್ಲ. ಆರಂಭಿಕ ಅಪಾಯವನ್ನು ಸರ್ಕಾರವೇ ಹೊರುವ ಈ ಕ್ರಮ ಐದೂ ರಾಜ್ಯಗಳ ಯೋಜನೆಗಳಲ್ಲಿ ನನಗೆ ಅತ್ಯಂತ ವಿವೇಕದ್ದೆನಿಸುತ್ತದೆ, ಆದರೆ ನಿಧಾನದ್ದೂ ಹೌದು. ದೊಡ್ಡ ಮತ್ತು ತೊಡಕಿನ ಜಾಗವಿದ್ದು ತಾವೇ ಮುಂದಾಗಲು ಶಕ್ತಿಯಿಲ್ಲದ ಊರುಗಳು ತಮ್ಮ ಜಾಗವನ್ನು ಇದಕ್ಕೆ ಸೂಚಿಸಲು ಈಗಲೂ ಅವಕಾಶವಿದೆಯೇ ಎಂದು ವಿಚಾರಿಸಬಹುದು.

ಸೌರವನ್ನು ಬಿಟ್ಟು ಗಾಳಿಯತ್ತ ನೋಡುವವರಿಗೂ ಇಲ್ಲಿ ಒಂದು ಪಾಠವಿದೆ. ಲ್ಯಾಕವಾನಾದಲ್ಲಿ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯ ಕಿಟ್ಟ ಸುರಿದ ದಂಡೆಯ ಮೇಲೆ 2007ರಲ್ಲಿ 20 ಮೆಗಾವ್ಯಾಟ್‌ನ ಎಂಟು ಗಾಳಿಯಂತ್ರಗಳು ಎದ್ದವು, 2012ರಲ್ಲಿ ಇನ್ನಾರು ಸೇರಿ ಸಾಮರ್ಥ್ಯ 35 ಮೆಗಾವ್ಯಾಟ್‌ಗೆ ಏರಿತು. ಈರೀ ಸರೋವರದ ಗಾಳಿ ಮತ್ತು ಅಡಿಪಾಯ ಹಾಕಲು ಒದಗುವ ನೆಲ ಎರಡೂ ಅಲ್ಲಿ ಕೂಡಿಬಂದಿದ್ದವು. ಹೊದಿಕೆ ಹಾಕಿದ ಕಸದ ಗುಡ್ಡದ ಮೇಲೆ ಆಳದ ಅಡಿಪಾಯ ಬೇಡುವ ಗಾಳಿಯಂತ್ರದ ಯೋಚನೆಯನ್ನು ಬಿಡುವುದೇ ಒಳ್ಳೆಯದು.

ಇಲಿನಾಯ್ ಮತ್ತು ವರ್ಮಾಂಟ್

2010ರಲ್ಲೇ ಶಿಕಾಗೋದ ವೆಸ್ಟ್ ಪುಲ್‌ಮನ್ ಪ್ರದೇಶದಲ್ಲಿ ಹಳೆಯ ಕೈಗಾರಿಕಾ ಜಾಗದ ಸುಮಾರು 41 ಎಕರೆಯಲ್ಲಿ ಸೌರ ಘಟಕ ಕಂಡ ಇಲಿನಾಯ್, 2016ರ ಕಾಯ್ದೆಯಲ್ಲಿ ಹೊಸ ಸೌರ ಪ್ರಮಾಣಪತ್ರಗಳ ಶೇ 2ನ್ನು ಬ್ರೌನ್‌ಫೀಲ್ಡ್‌ಗೆ ಮೀಸಲಿಟ್ಟಿತು. 2021ರಲ್ಲಿ ಅದು ಶೇ 3 ಆಯಿತು. ಖರೀದಿ ನಡೆಯುವುದು ಟೆಂಡರಿನಲ್ಲಿ. ಈಗಿನ ಒಪ್ಪಂದದ ಅವಧಿ 20 ವರ್ಷ, ಮತ್ತು ಅದರಲ್ಲಿ ನೀವು ಕೂಗಿದ ದರಕ್ಕೂ ಮಾರುಕಟ್ಟೆಯ ವಿದ್ಯುತ್ ಬೆಲೆಗೂ ನಡುವಿನ ವ್ಯತ್ಯಾಸವನ್ನು ತುಂಬಿಕೊಡಲಾಗುತ್ತದೆ. ಮಾರುಕಟ್ಟೆ ಬಿದ್ದರೆ ರಕ್ಷಣೆಯಿದೆ, ಏರಿದರೆ ಲಾಭ ನಿಮ್ಮದಲ್ಲ. ನಿಶ್ಚಿತ ಆದಾಯ ಬಯಸುವ ದೊಡ್ಡ ಸಂಸ್ಥೆಗಳಿಗೆ ಇದು ಒಪ್ಪುತ್ತದೆ. ಟೆಂಡರಿನ ವೇಳಾಪಟ್ಟಿಗೆ ಕಾಯಬೇಕಾದ್ದರಿಂದ ಸಣ್ಣವರಿಗೆ ಅಷ್ಟಾಗಿ ಅಲ್ಲ.

ವರ್ಮಾಂಟ್‌ನಲ್ಲಿ ಲೆಕ್ಕ ಚಿಕ್ಕದು. ಅಲ್ಲಿ 150 ಕಿಲೋವ್ಯಾಟ್ ಮೀರಿ 500 ಕಿಲೋವ್ಯಾಟ್‌ವರೆಗಿನ ನೆಟ್ ಮೀಟರಿಂಗ್ ಘಟಕ ಕಟ್ಟಬೇಕಾದರೆ ಜಾಗ ‘ಆದ್ಯತೆಯ’ ವರ್ಗದ್ದಾಗಿರಬೇಕು, ಮತ್ತು ಬ್ರೌನ್‌ಫೀಲ್ಡ್, ಕಸದ ಗುಡ್ಡಗಳು ಆ ವರ್ಗಕ್ಕೆ ಸೇರುತ್ತವೆ. ಅಂದರೆ ಪ್ರೋತ್ಸಾಹವು ಹಣಕ್ಕಿಂತ ಹೆಚ್ಚಾಗಿ ಅನುಮತಿಯ ರೂಪದಲ್ಲಿದೆ. ಸ್ಟ್ರಾಫರ್ಡ್‌ನ ಎಲಿಜಬೆತ್ ಮೈನ್ ಎಂಬ ತಾಮ್ರದ ಗಣಿಯ ಮೇಲೆ 2017ರಲ್ಲಿ ನಿಂತ 5 ಮೆಗಾವ್ಯಾಟ್ ಘಟಕದಂಥವು ಅಲ್ಲಿ ಅಪರೂಪ. ಒಂದು ಶಾಲೆಗೋ ಸಣ್ಣ ಊರಿಗೋ ಸಾಲುವಷ್ಟು ವಿದ್ಯುತ್ತಿನ ಗುರಿಯಿದ್ದರೆ ಮಾತ್ರ ವರ್ಮಾಂಟ್ ಯೋಗ್ಯ.

ಯಾರು ಎತ್ತ?

ಕ್ರಮವಾಗಿ ಮುಚ್ಚಿದ 10-20 ಎಕರೆಯ ಗುಡ್ಡವಿರುವ ಮ್ಯಾಸಚೂಸೆಟ್ಸ್‌ನ ಊರು, ಕೇಂದ್ರದ ಜಮೆಯ ಗಡುವು ಹಿಡಿಯುವುದು ಸಂಶಯವಾಗಿದ್ದರೆ, ತಾನೇ ಘಟಕ ಕಟ್ಟುವ ಬದಲು ಜಾಗವನ್ನು ಗುತ್ತಿಗೆಗೆ ಕೊಟ್ಟು ಬಾಡಿಗೆ ಮತ್ತು ತೆರಿಗೆಗೆ ಬದಲಾದ ವಾರ್ಷಿಕ ಪಾವತಿಯನ್ನು ಪಡೆಯುವುದು ಸುರಕ್ಷಿತ. ಹೊದಿಕೆಯ ನಿರ್ವಹಣೆ ಯಾರದ್ದು, ನೆಲ ಕುಸಿದರೆ ಫಲಕ ತೆಗೆದು ಸರಿಪಡಿಸುವ ಖರ್ಚು ಯಾರದ್ದು, ಅವಧಿ ಮುಗಿದ ಮೇಲೆ ತೆರವುಗೊಳಿಸಲು ಠೇವಣಿ ಎಷ್ಟು ಎಂಬ ಮೂರು ಅಂಶಗಳು ಗುತ್ತಿಗೆ ಪತ್ರದಲ್ಲಿ ಬರಹದಲ್ಲೇ ಇರಬೇಕು.

ನ್ಯೂಜೆರ್ಸಿಯಲ್ಲಿ ಇರುವವರು, ಜಾಗ ಐದು ಮೆಗಾವ್ಯಾಟ್‌ನೊಳಗಿನದಾದರೆ ಸಮುದಾಯ ಸೌರಕ್ಕೂ, ಅದಕ್ಕಿಂತ ದೊಡ್ಡದಾಗಿದ್ದು ಜತೆಗೆ ಅನುಭವವುಳ್ಳ ಪಾಲುದಾರರಿದ್ದರೆ ಬಿಡ್ಡಿಗೂ ಹೋಗಬಹುದು. ಗುಡ್ಡವನ್ನು ಇನ್ನೂ ಕ್ರಮಬದ್ಧವಾಗಿ ಮುಚ್ಚಿಲ್ಲವಾದರೆ ಮುಚ್ಚುವ ವೆಚ್ಚವನ್ನು ಮೊದಲು ಅಂದಾಜು ಮಾಡಿಸಬೇಕು; ಅದು ಸೌರ ಘಟಕದ ಲಾಭವನ್ನೇ ನುಂಗಿಹಾಕಬಲ್ಲದು. ಶುದ್ಧೀಕರಣವೇ ದೊಡ್ಡ ಖರ್ಚಾಗಿರುವ ಹಳೆಯ ಕಾರ್ಖಾನೆಯ ಜಾಗಕ್ಕೆ ನ್ಯೂಯಾರ್ಕ್‌ನ ತೆರಿಗೆ ಜಮೆಗೆ ಸಮನಾದದ್ದು ಉಳಿದ ನಾಲ್ಕು ರಾಜ್ಯಗಳ ಸೌರ ಯೋಜನೆಗಳಲ್ಲಿಲ್ಲ.

ಎಲ್ಲಿಗೇ ಹೋಗಲಿ, ಸೀಮಿತ ಬಂಡವಾಳದವರು ಹಣ ಬಿಡುಗಡೆ ಮಾಡುವ ಕ್ರಮವನ್ನು ಹೀಗೆ ಇಟ್ಟುಕೊಳ್ಳುವುದು ಒಳ್ಳೆಯದು: ಮೊದಲು ಫೇಸ್ ಒನ್ ವರದಿ, ಏಕೆಂದರೆ ಅದು ಹೊಣೆಯಿಂದ ರಕ್ಷಣೆಗೂ ಕೇಂದ್ರದ ಜಮೆಗೂ ಒಟ್ಟಿಗೇ ಒದಗುತ್ತದೆ, ನಂತರ ಗ್ರಿಡ್ ಸಂಪರ್ಕದ ಅಂದಾಜು, ಆಮೇಲಷ್ಟೇ ವಿನ್ಯಾಸ. ವರದಿಗೆ ಆಯುಷ್ಯವಿದೆ ಎಂಬುದನ್ನೂ ಗಮನಿಸಬೇಕು: ಕೊಳ್ಳುವ ದಿನಕ್ಕೆ ಅದು ಒಂದು ವರ್ಷದೊಳಗಿನದಾಗಿರಬೇಕು, ಅದರ ಮುಖ್ಯ ಭಾಗಗಳು 180 ದಿನಗಳೊಳಗಿನವಾಗಿರಬೇಕು. ಜಾಗದ ಮಾತುಕತೆ ಎಳೆದಾಡುತ್ತಿದ್ದರೆ, ಸಹಿ ಹಾಕುವ ವಾರದಲ್ಲಿ ವರದಿಯ ದಿನಾಂಕಗಳನ್ನು ಮತ್ತೊಮ್ಮೆ ವಕೀಲರಿಗೆ ತೋರಿಸಿಕೊಳ್ಳಿ.